ಯಂಕೋಬನ ಹೊಲದ ರಾತ್ರಿ

ತಾವರಗೇರಾ
2 ಏಪ್ರಿಲ್ 2025

ಮಗಳು ಅನುಸೂಯಾಳಿಗೆ, ನಿನ್ನಪ್ಪ ಗಿಡ್ಡಪ್ಪ ಬರೆಯುವುದು.

ನಿನ್ನ ಕಾಗದ ನಿನ್ನೆ ಬಂತು. ಹತ್ತೊಂಬತ್ತು ದಿನ ತೆಗೆದುಕೊಂಡಿದೆ. ಮೂವತ್ತಮೂರು ವರ್ಷ ಸೈಕಲ್ ತುಳಿದು ಊರವರ ಕಾಗದ ಹಂಚಿದವನು ನಾನು. ನನ್ನ ಹೆಸರಿಗೆ ಇಲಾಖೆಯ ಲಕೋಟೆ ಬಿಟ್ಟರೆ ಒಂದು ಕಾರ್ಡೂ ಬಂದಿರಲಿಲ್ಲ. ಈಗಿನ ಪೋಸ್ಟ್‌ಮನ್ ಬಾಗಿಲಿಗೆ ಬಂದು, "ಗಿಡ್ಡಪ್ಪಜ್ಜಾರ, ನಾರ್ವೇದಿಂದ ಐತ್ರಿ" ಎಂದಾಗ ನಾನು ತಕ್ಷಣ ಕೈ ಚಾಚಲಿಲ್ಲ. "ವಿಳಾಸ ಪೂರ್ತಿ ಓದಪಾ, ಆಮ್ಯಾಲ ಕೊಡು" ಎಂದೆ. ಅವನು ಓದಿದ. ಓಣಿಯಲ್ಲಿ ಮೂರು ಮನೆಯವರು ಹೊರಗೆ ಬಂದರು.

ಪ್ರತಿ ರವಿವಾರ ಫೋನ್ ಮಾಡುತ್ತೀಯಲ್ಲ, ಮತ್ತೆ ಕಾಗದ ಯಾಕೆ ಎಂದು ನಿನ್ನವ್ವ ಕೇಳುತ್ತಾಳೆ. ಫೋನ್ ಇರುವುದು ಊಟ ಆಯಿತಾ ಎಂದು ಕೇಳುವುದಕ್ಕೆ. ಉಳಿದದ್ದಕ್ಕೆಲ್ಲ ಕಾಗದವೇ ಬೇಕು.

ಯುಗಾದಿ ಮುಗಿದು ಮೂರು ದಿನವಾಯಿತು. ಬೆಳಗ್ಗೆ ಒಂಬತ್ತಕ್ಕೇ ಚಪ್ಪಲಿ ಇಲ್ಲದೆ ಅಂಗಳ ದಾಟಲಾಗುವುದಿಲ್ಲ. ಮಧ್ಯಾಹ್ನ ನಾಯಿ ಕೂಡ ಬೊಗಳುವುದಿಲ್ಲ, ನೆರಳು ಬಿಟ್ಟು ಎದ್ದು ಬರಬೇಕಲ್ಲ ಎಂದು. ನೀನು ನೋಡಿದರೆ ಕಿಟಕಿಯ ಅರ್ಧದವರೆಗೆ ಹಿಮ ಬಿದ್ದಿದೆ ಎಂದು ಬರೆದಿದ್ದೀ. ನಿನ್ನವ್ವ ಅದನ್ನು ಎರಡು ಸಲ ಓದಿಸಿದಳು. "ಯುಗಾದಿಗಿ ಹಿಮ ಎಲ್ಲೆರ ಬೀಳತೈತೇನು? ನಿನ್ನ ಮಗಳು ನಿನ್ನಂಗ ಆಗ್ಯಾಳ, ಒಂದಕ್ಕ ಎರಡು ಕೂಡಿಸ್ತಾಳ" ಎಂದಳು.

ನೀನು ಪರವಾನಗಿ ಮಾಡಿಸಿಕೊಂಡು ಒಯ್ದ ಎರಡು ಹಿಡಿ ಸಜ್ಜೆ ಬೀಜ ಏನಾಯಿತು? ಕೇಳಲು ಕಾರಣವಿದೆ. ಹೋದ ವರ್ಷದ ಜಗಳ ನಿನಗೆ ಅರ್ಧ ಮಾತ್ರ ಗೊತ್ತು. ಯಂಕೋಬ ತಾನಾಗಿ ಬಂದು, "ಹೈಬ್ರಿಡ್ ರೊಟ್ಟಿ ಬಾಯಿಗಿ ಹತ್ತವಲ್ದು, ನಿಮ್ಮ ಮನಿ ಬೀಜ ಕೊಡೊ" ಎಂದು ಕೇಳಿ ಒಯ್ದು ಕ್ರಾಸ್ ಹತ್ತಿರದ ಹೊಲಕ್ಕೆ ಬಿತ್ತಿದ. ಹೊಲದ ನಡುವೆ ಒಂದು ತುಂಡು ಆಳೆತ್ತರ ಬೆಳೆದು ಒಂದೂ ತೆನೆ ಬಿಡಲಿಲ್ಲ. ರಸ್ತೆಯ ಆಚೆ ಅವನದೇ ಹೈಬ್ರಿಡ್, ಅದೇ ಮಣ್ಣು, ಅದೇ ಮಳೆ, ಚೆನ್ನಾಗಿ ತೆನೆ ಕಟ್ಟಿತು. ಅವನು ಸಂತೆಯಲ್ಲಿ ನಾಲ್ಕು ಜನರ ಮುಂದೆ, "ಗಿಡ್ಡಪ್ಪನ ಬೀಜ ಬಂಜಿ" ಎಂದ. ನಿನ್ನಜ್ಜಿಯ ಕಾಲದಿಂದ ಬೂದಿ ಹಚ್ಚಿ, ಬೇವಿನ ಎಲೆ ಹಾಕಿ, ಗಡಿಗೆಯಲ್ಲಿ ಕಾದುಕೊಂಡು ಬಂದ ಬೀಜ ಅದು. ಅವತ್ತಿನಿಂದ ಅವನ ಜೊತೆ ಮಾತಿಲ್ಲ.

ಅದು ಅಲ್ಲಿ ತೆನೆ ಬಿಟ್ಟರೆ ನನಗೆ ಮೊದಲು ಬರೆ.

ನಿನ್ನ ಅಪ್ಪ,
ಗಿಡ್ಡಪ್ಪ, ನಿವೃತ್ತ ಪೋಸ್ಟ್‌ಮನ್


ಟ್ರೊಮ್ಸೊ, ನಾರ್ವೆ
26 ಏಪ್ರಿಲ್ 2025

ಅಪ್ಪಾ,

ನೀನು ಸಹಿಯ ಕೆಳಗೆ ಹುದ್ದೆ ಬರೆಯುವುದನ್ನು ಮಗಳ ಕಾಗದದಲ್ಲೂ ಬಿಡಲಿಲ್ಲ. ಓದಿ ಒಬ್ಬಳೇ ನಕ್ಕೆ.

ಹಿಮ ಇನ್ನೂ ಇದೆ. ಅವ್ವನಿಗೆ ಹೇಳು, ಒಂದಕ್ಕೆ ಒಂದೇ ಬರೆದಿದ್ದೇನೆ. ಆದರೆ ಬೆಳಕು ಮಾತ್ರ ಓಡುತ್ತಿದೆ. ಇಲ್ಲಿ ಹಗಲು ದಿನಕ್ಕೆ ಹತ್ತು ನಿಮಿಷ ಬೆಳೆಯುತ್ತದೆ. ಈಗಲೇ ಸೂರ್ಯ ನಾಲ್ಕಕ್ಕೆ ಮೊದಲೇ ಎದ್ದು ಒಂಬತ್ತರ ನಂತರ ಮುಳುಗುತ್ತಾನೆ. ಬೇಸಿಗೆಯಲ್ಲಿ ಹಗಲು ಯಾಕೆ ಉದ್ದ ಎಂದು ಸಣ್ಣವಳಿದ್ದಾಗ ಕೇಳಿದರೆ ನೀನು, "ಸೂರ್ಯಗ ತಾವರಗೇರಾ ಬಿಟ್ಟು ಹೋಗಾಕ ಮನಸಾಗವಲ್ದು" ಎನ್ನುತ್ತಿದ್ದೆ. ನಮ್ಮ ಅತಿ ಉದ್ದದ ಹಗಲು ಹದಿಮೂರು ತಾಸು, ಅಷ್ಟಕ್ಕೇ ನಿನಗೆ ಅಷ್ಟು ಜಂಬ. ಇಲ್ಲಿ ಬಂದು ನೋಡಬೇಕು, ಮುಂದಿನ ತಿಂಗಳ ಕೊನೆಯಿಂದ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ.

ಬೀಜ ಈ ವಾರ ಬಿತ್ತಿದೆ. ನಾನು ಕೆಲಸ ಮಾಡುವುದು ಒಂದು ಗಾಜಿನ ಮನೆಯಲ್ಲಿ. ಬೇರೆ ಬೇರೆ ದೇಶದ ಹಳೆಯ ತಳಿಗಳು ಬೆಳಕಿಗೆ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುತ್ತೇವೆ. ನಮ್ಮ ಸಜ್ಜೆಯನ್ನು ಎರಡು ಕೋಣೆಗಳಲ್ಲಿ ಹಾಕಿದ್ದೇನೆ. ಒಂದರಲ್ಲಿ ಇಲ್ಲಿನ ಬೆಳಕು ಹೇಗಿದೆಯೋ ಹಾಗೆ. ಇನ್ನೊಂದಕ್ಕೆ ಸಂಜೆ ಆರಕ್ಕೆ ಕಪ್ಪು ಪರದೆ ಎಳೆದು ಬೆಳಗ್ಗೆ ಆರಕ್ಕೆ ತೆಗೆಯುತ್ತೇನೆ. ಕಾವು ಎರಡಕ್ಕೂ ಒಂದೇ, ಮಣ್ಣೂ ಒಂದೇ.

ನನ್ನ ಜೊತೆ ಇಬ್ಬರಿದ್ದಾರೆ. ವಂಜಿರು ಕೀನ್ಯಾದವಳು, ಭೂಮಧ್ಯ ರೇಖೆಯ ಪಕ್ಕದ ಊರು. ಅವಳ ಊರಲ್ಲಿ ಸೂರ್ಯ ವರ್ಷವಿಡೀ ಆರೂವರೆಗೆ ಬಂದು ಆರೂವರೆಗೆ ಹೋಗುತ್ತಾನೆ, ಸರ್ಕಾರಿ ನೌಕರನ ಹಾಗೆ. ಬೇಸಿಗೆ ಶುರುವಾಯಿತು ಎಂಬ ಮಾತನ್ನು ಅವಳು ಪುಸ್ತಕದಲ್ಲಿ ಮಾತ್ರ ಓದಿದ್ದಳಂತೆ. ಮಾರ್ಸೆಲಾ ಚಿಲಿ ದೇಶದ ದಕ್ಷಿಣ ತುದಿಯವಳು. ಜೂನ್ ಬಂದರೆ ಅವಳ ಊರಲ್ಲಿ ಕಡು ಚಳಿಗಾಲ, ಬೆಳಗ್ಗೆ ಹತ್ತಕ್ಕೆ ಬೆಳಕಾಗಿ ಸಂಜೆ ಐದೂವರೆಗೆ ಮುಗಿಯುತ್ತದೆ. ಟ್ರೊಮ್ಸೊ ಸೇರಿ ನಾಲ್ಕು ಊರು, ನಾಲ್ಕು ಜೂನ್. ಮಧ್ಯಾಹ್ನ ಊಟಕ್ಕೆ ಕೂತಾಗ ಯಾರ ಊರಿನದು ಸರಿಯಾದ ಜೂನ್ ಎಂದು ಜಗಳ ಆಡುತ್ತೇವೆ. ನಾನು ನಮ್ಮೂರಿನದನ್ನು ಬಿಟ್ಟುಕೊಟ್ಟಿಲ್ಲ.

ನಿನ್ನ ಮಗಳು,
ಅನುಸೂಯಾ


ತಾವರಗೇರಾ
18 ಮೇ 2025

ಅನುಸೂಯಾ,

ಕಾಗದ ತಲುಪಿತು. ಇಪ್ಪತ್ತು ದಿನ. ನಿಮ್ಮ ಕಡೆಯ ಅಂಚೆಯವರು ಸ್ವಲ್ಪ ನಿಧಾನ.

ಅದನ್ನು ಹಸನಬೀಯ ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಪೂರ್ತಿ ಓದಲಿಲ್ಲ, ಪರದೆಯ ಕೋಣೆಯ ವಿಷಯ ಬಿಟ್ಟೆ. ಅದೇನು ಹೇಳಿಕೊಳ್ಳುವಂಥದ್ದು, ಅಲ್ಲಿಗೆ ಹೋಗಿ ಕತ್ತಲೆ ಮಾಡಿದಳು ಎಂದು? ಸೂರ್ಯ ಮುಳುಗದ ಊರಲ್ಲಿ ನಮ್ಮ ಸಜ್ಜೆ ಬೆಳೆಯುತ್ತಿದೆ ಎಂಬುದನ್ನು ಮಾತ್ರ ಹೇಳಿದೆ. ನಮಗೆ ಹದಿಮೂರು ತಾಸು ಬಿಸಿಲಿಗೆ ಒಂದು ಬೆಳೆ ಬಂದರೆ ಇಪ್ಪತ್ತನಾಲ್ಕು ತಾಸಿಗೆ ಎರಡು ಬೆಳೆಯಾದರೂ ಬರಬೇಕು ಎಂದೆ. ಹಸನಬೀ ಲೋಟ ತೊಳೆಯುವುದನ್ನು ನಿಲ್ಲಿಸಿ, "ಯಾ ಅಲ್ಲಾ, ಅಲ್ಲಿ ಮಂದಿ ಮಲಗೋದು ಯಾವಾಗ್ರಿ?" ಎಂದು ಕೇಳಿದಳು. ಮಗಳನ್ನೇ ಕೇಳಿ ಹೇಳುತ್ತೇನೆ ಎಂದೆ. ನೀನು ಯಾವಾಗ ಮಲಗುತ್ತೀ?

ಯಂಕೋಬ ಮೂಲೆಯ ಬೆಂಚಿನಲ್ಲಿ ಕೂತಿದ್ದ. ಗೋಡೆಗೆ ಹೇಳುವವನ ಹಾಗೆ, "ಇಲ್ಲೇ ತೆನಿ ಬಿಡದ ಬೀಜ ಅಲ್ಲೇನು ಬಿಡತೈತಿ" ಎಂದ. ನಾನೂ ಗೋಡೆಗೇ ಹೇಳಿದೆ, "ಬಿಟ್ರ ಏನು ಮಾಡ್ತಾರಂತ ಕೇಳ್ರಿ." ಅವನು ಎದ್ದು ನಿಂತ. "ಅಲ್ಲಿ ಒಂದ ಒಂದು ತೆನಿ ಬಿಟ್ರೂ ಸಂತಿಯೊಳಗ ನಿಂತು ನನ್ನದು ತಪ್ಪಾತು ಅಂತೀನಿ. ಬಿಡದಿದ್ರ ಗಿಡ್ಡಪ್ಪ ಅನ್ನಬೇಕು." ನಾನು ಆಗಲಿ ಎಂದೆ. ಇಡೀ ಅಂಗಡಿ ಸಾಕ್ಷಿ.

ನಿನ್ನವ್ವ ಕೇಳಿ ಹಣೆ ಬಡಿದುಕೊಂಡಳು. "ಎರಡು ಹಿಡಿ ಬೀಜದ ಮ್ಯಾಲ ಮನಿ ಮರ್ಯಾದಿ ಇಟ್ಟು ಬಂದ್ಯಲ್ಲ" ಎಂದಳು. ಮರ್ಯಾದೆ ಇಟ್ಟದ್ದು ಬೀಜದ ಮೇಲಲ್ಲ, ನಿನ್ನ ಮೇಲೆ. ಕೊಪ್ಪಳದಿಂದ ಯಲಬುರ್ಗಾದವರೆಗೆ ಯಾವ ಪೋಸ್ಟ್‌ಮನ್ನನ ಮಗಳು ಅಷ್ಟು ದೂರ ಹೋಗಿದ್ದಾಳೆ, ಹೇಳು.

ಇಲ್ಲಿ ಕೃತ್ತಿಕಾ ನಾಲ್ಕು ಹನಿ ಹಾಕಿ ಹೋಯಿತು. ಸೆಖೆ ಇನ್ನೂ ಹೆಚ್ಚಾಯಿತು. ರೋಹಿಣಿ ಮಳೆಗೆ ಓಣಿಯೆಲ್ಲ ಕೆಸರು ಎನ್ನುತ್ತಾರೆ, ಕಾಯುತ್ತಿದ್ದೇವೆ.

ತೆನೆಯ ಸುದ್ದಿಗಾಗಿ ಕಾದಿರುವ,
ಗಿಡ್ಡಪ್ಪ


ಟ್ರೊಮ್ಸೊ
21 ಜೂನ್ 2025

ಅಪ್ಪಾ,

ಇವತ್ತು ವರ್ಷದ ಅತಿ ಉದ್ದದ ಹಗಲು ಎನ್ನುತ್ತಾರೆ. ಇಲ್ಲಿ ಆ ಮಾತಿಗೆ ಅರ್ಥವಿಲ್ಲ. ಒಂದು ತಿಂಗಳಿಂದ ಹಗಲು ಮುಗಿದೇ ಇಲ್ಲ. ಸೂರ್ಯ ಆಕಾಶದಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಾನೆ, ಇಳಿಯುವುದಿಲ್ಲ. ಬಿಸಿಲು ಇದ್ದರೂ ಸ್ವೆಟರ್ ಬಿಡುವ ಹಾಗಿಲ್ಲ. ಪಕ್ಕದ ಮನೆಯ ಮುದುಕ ನಿನ್ನೆ ರಾತ್ರಿ ಹನ್ನೊಂದಕ್ಕೆ ಬೇಲಿಗೆ ಬಣ್ಣ ಹಚ್ಚುತ್ತಿದ್ದ. ಹಸನಬೀ ಚಾಚಿಗೆ ಹೇಳು, ಮಂದಿ ಕಿಟಕಿಗೆ ದಪ್ಪ ಪರದೆ ಹಾಕಿ ಮಲಗುತ್ತಾರೆ. ನಾನು ಅವ್ವ ಕೊಟ್ಟ ಕೌದಿಯನ್ನೇ ಕಿಟಕಿಗೆ ಕಟ್ಟಿದ್ದೇನೆ. ಹೊಲಿಗೆಯ ಸಂದಿಯಲ್ಲಿ ಬೆಳಕು ಸಾಲಾಗಿ ಬರುತ್ತದೆ. ಮೊದಮೊದಲು ಅಳು ಬರುತ್ತಿತ್ತು, ಕತ್ತಲೆಗಾಗಿ ಅಳಬಹುದೆಂದು ನನಗೆ ಗೊತ್ತಿರಲಿಲ್ಲ. ಇದನ್ನು ಅವ್ವನಿಗೆ ಓದಬೇಡ.

ನೀನು ಪಂಥ ಕಟ್ಟುವ ಮುಂಚೆ ನನ್ನನ್ನು ಕೇಳಬೇಕಿತ್ತು. ಬೆಳಕಿನ ಕೋಣೆಯ ಸಜ್ಜೆ ನನಗಿಂತ ಎತ್ತರ ಬೆಳೆದಿದೆ. ಹಸಿರು ನೋಡಿದರೆ ಕಣ್ಣು ತಂಪಾಗುತ್ತದೆ. ತೆನೆಯ ಸುಳಿವಿಲ್ಲ. ಬರುವುದೂ ಇಲ್ಲ ಎಂದು ನನ್ನ ಅಂದಾಜು. ಪರದೆಯ ಕೋಣೆಯದು ಗಿಡ್ಡ, ಆದರೆ ಅಲ್ಲಿ ಏನೋ ನಡೆದಿದೆ, ಸುಳಿ ದಪ್ಪವಾಗುತ್ತಿದೆ. ಇನ್ನು ಕೆಲವು ದಿನ ಕಾಯಬೇಕು.

ಈಗ ನನಗೆ ಒಂದು ಕೆಲಸ ಮಾಡಿಕೊಡು. ಯಂಕೋಬ ಕಾಕಾನ ಹೊಲದಲ್ಲಿ ತೆನೆ ಬಿಡದ ತುಂಡು ಸರಿಯಾಗಿ ಎಲ್ಲಿತ್ತು, ಯಾವ ಆಕಾರದಲ್ಲಿತ್ತು, ಹೆಜ್ಜೆ ಹಾಕಿ ಅಳೆದು ಬರೆ. ಯಾಕೆ ಎಂದು ಈಗ ಕೇಳಬೇಡ. ಮಾತಿಲ್ಲದಿದ್ದರೂ ಹೊಲಕ್ಕೆ ಕಾಲಿಡಬಹುದಲ್ಲ.

ಅನುಸೂಯಾ


ತಾವರಗೇರಾ
13 ಜುಲೈ 2025

ಅನುಸೂಯಾ,

ತೆನೆ ಬರುವುದಿಲ್ಲ ಎಂಬ ಸಾಲನ್ನು ಯಾರಿಗೂ ಓದಲಿಲ್ಲ. ಪರದೆಯ ಕೋಣೆ ಇದೆಯಲ್ಲ. ಒಂದೇ ಒಂದು ತೆನೆ ಎಂದು ಯಂಕೋಬ ಹೇಳಿದ್ದಾನೆ, ಯಾವ ಕೋಣೆ ಎಂದು ಹೇಳಿಲ್ಲ.

ನೀನು ಹೇಳಿದ ಕೆಲಸ ಮಾಡಿದೆ, ಮಾಡುವಾಗ ಮರ್ಯಾದೆ ಹೋಯಿತು. ಯಂಕೋಬ ಕುಷ್ಟಗಿಗೆ ಹೋದ ದಿನ ನೋಡಿ ಅವನ ಹೊಲದ ಬದುವಿಗೆ ಹೋದೆ. ಅಲ್ಲಿ ಅವನ ಹೆಂಡತಿ ಕಳಕಮ್ಮ ಕಳೆ ತೆಗೆಯುತ್ತಿದ್ದಳು. ನಾನು ಹೆಜ್ಜೆ ಎಣಿಸುವುದನ್ನು ನೋಡಿ, "ಏನ್ರಿ ಮಾವಾರ, ಸರ್ವೆಕ್ಕ ಬಂದೀರೇನು? ನಮ್ಮ ಹೊಲ ನಮಗ ಐತೋ ಇಲ್ಲೋ?" ಎಂದಳು. ಹೋದ ವರ್ಷದ ತುಂಡು ಎಲ್ಲಿತ್ತು ಎಂದು ಕೇಳಿದೆ. ಕುಡುಗೋಲಿನಿಂದ ತೋರಿಸಿದಳು. "ಇಲ್ಲಿಂದ ಅಲ್ಲೀತನಕ. ನಾನ ಕೊಯ್ದೀನಿ, ನನಗ ಗೊತ್ತಿಲ್ಲೇನು. ತೆನಿ ಇಲ್ಲಂದ್ರೂ ಎಮ್ಮಿ ಎರಡು ತಿಂಗಳ ಭಾಳ ಛಲೋ ಮೇದ್ವು ನೋಡ್ರಿ. ಅದನ್ನ ನಮ್ಮವರು ಸಂತ್ಯಾಗ ಹೇಳಲಿಲ್ಲ."

ಬರೆದುಕೊ. ಆಕಾರ ಕಣದ ಹಾಗೆ ದುಂಡಗೆ. ನಟ್ಟ ನಡುವೆ, ಹೊಲವನ್ನು ಎರಡು ಮಾಡುವ ಬದುವಿನ ಮೇಲೆ, ನಮ್ಮ ದೀಪದ ಕಂಬ. ಕಂಬದಿಂದ ಯಾವ ಕಡೆ ಹೋದರೂ ಮೂವತ್ತೆಂಟು ಹೆಜ್ಜೆ, ಅಲ್ಲಿಗೆ ಮುಗಿಯಿತು. ಅದರಾಚೆ ನಮ್ಮ ಬೀಜವೇ, ಒಳ್ಳೆಯ ತೆನೆ ಬಿಟ್ಟಿತ್ತು ಎಂದು ಕಳಕಮ್ಮ ತಾನೇ ಒಪ್ಪಿದಳು.

ಹೋದ ಕೆಲಸ ಮುಗಿಸಿ ಹಾಗೇ ಕಂಬದ ಕೆಳಗೆ ಕೂತೆ. ಸಂಜೆ ದೀಪ ಹತ್ತಿತು. ನಾಲ್ಕು ಕಣ್ಣಿನ ದೀಪ, ಹೋದ ವರ್ಷ ಸಂಕ್ರಾಂತಿಗೆ ಹತ್ತಿದ್ದು ಇವತ್ತಿನವರೆಗೆ ಒಂದು ರಾತ್ರಿ ಆರಿಲ್ಲ. ಕೆಳಗೆ ಕೂತು ಪೇಪರ್ ಓದಬಹುದು. ಇದಕ್ಕಾಗಿ ನಾನು ಪಂಚಾಯಿತಿಗೆ ಬರೆದ ಅರ್ಜಿ ಹನ್ನೊಂದು. ಊರವರು ಇನ್ನೂ ಗಿಡ್ಡಪ್ಪನ ದೀಪ ಎಂದೇ ಕರೆಯುತ್ತಾರೆ. ಬೀಜದ ಹೆಸರು ಕೆಟ್ಟರೂ ಇದೊಂದು ಹೆಸರು ಉಳಿದಿದೆ ಎಂದು ಸಮಾಧಾನವಾಯಿತು.

ಅಳತೆ ಸಾಕೋ ಇನ್ನೂ ಬೇಕೋ?

ಗಿಡ್ಡಪ್ಪ


ಟ್ರೊಮ್ಸೊ
6 ಆಗಸ್ಟ್ 2025

ಅಪ್ಪಾ,

ಮೊದಲು ನಿನಗೇ ಬರೆಯುತ್ತಿದ್ದೇನೆ. ಪರದೆಯ ಕೋಣೆಯಲ್ಲಿ ನಮ್ಮ ಸಜ್ಜೆ ತೆನೆ ಬಿಟ್ಟಿದೆ. ಒಂದಲ್ಲ, ಅಷ್ಟೂ ಗಿಡ. ಫೋಟೋ ಇಟ್ಟಿದ್ದೇನೆ. ವಂಜಿರು ಮತ್ತು ಮಾರ್ಸೆಲಾ ಬಂದು ಮುಟ್ಟಿ ನೋಡಿದರು. ನಾನು ನಿನ್ನ ಹಾಗೆಯೇ ಎದೆ ಉಬ್ಬಿಸಿ, ಇದು ನಮ್ಮಜ್ಜಿಯ ಬೀಜ ಎಂದು ಹೇಳಿದೆ. ಬೆಳಕಿನ ಕೋಣೆಯಲ್ಲಿ ಒಂದೂ ಬಂದಿಲ್ಲ.

ಪಂಥ ನೀನು ಗೆದ್ದೆ. ಇಲ್ಲಿಗೇ ನಿಲ್ಲಿಸಬಹುದಿತ್ತು. ಮುಂದಿನದನ್ನು ಎರಡು ಸಲ ಬರೆದು ಹರಿದೆ.

ನಮ್ಮ ಹಳೆಯ ಸಜ್ಜೆಗೆ ರಾತ್ರಿ ಬೇಕು. ಉದ್ದದ ಕತ್ತಲೆ ಸಿಕ್ಕರೆ ಮಾತ್ರ ಅದು ತೆನೆಯ ಕಾಲ ಬಂತು ಎಂದು ತಿಳಿಯುತ್ತದೆ. ಬೆಳಕು ಆರದಿದ್ದರೆ ಇನ್ನೂ ಸಮಯವಿದೆ ಎಂದು ಎಲೆ ಬಿಡುತ್ತಲೇ ಇರುತ್ತದೆ. ಯಂಕೋಬ ಕಾಕಾನ ಹೈಬ್ರಿಡ್‌ಗೆ ಅಷ್ಟು ನಾಜೂಕಿಲ್ಲ, ಅದಕ್ಕೇ ರಸ್ತೆಯಾಚೆ ಅದು ತೆನೆ ಕಟ್ಟಿತು. ಮೂವತ್ತೆಂಟು ಹೆಜ್ಜೆಯ ದುಂಡನೆಯ ಜಾಗದಲ್ಲಿ ಹೋದ ವರ್ಷ ರಾತ್ರಿಯೇ ಆಗಲಿಲ್ಲ, ಅಪ್ಪಾ. ಅಲ್ಲಿ ನನ್ನ ಟ್ರೊಮ್ಸೊ ಇತ್ತು. ಮಾಡಿದ್ದು ನಮ್ಮ ದೀಪ.

ಆ ದೀಪ ಯಾಕೆ ಬಂತು ಎಂದು ನನಗೆ ಗೊತ್ತು. ನಾನು ಕುಷ್ಟಗಿಯ ಕಾಲೇಜಿನಿಂದ ಕೊನೆಯ ಬಸ್ಸಿಗೆ ಬಂದು ಕ್ರಾಸಿನಲ್ಲಿ ಇಳಿದರೆ ನೀನು ಕಗ್ಗತ್ತಲಲ್ಲಿ ಸೈಕಲ್ ಗಂಟೆ ಬಾರಿಸುತ್ತ ನಿಂತಿರುತ್ತಿದ್ದೆ, ನಾನು ಹೆದರಬಾರದೆಂದು. ಮೊದಲ ಅರ್ಜಿ ಬರೆದದ್ದು ಆ ವರ್ಷ. ಅದು ಹತ್ತುವಷ್ಟರಲ್ಲಿ ನಾನು ಊರು ಬಿಟ್ಟಿದ್ದೆ.

ಪರದೆ ಕೋಣೆಯ ವಿಷಯ ಚಹಾದಂಗಡಿಯಲ್ಲಿ ಓದದೆ ಬಿಟ್ಟೆಯಲ್ಲ, ಈ ಕಾಗದವನ್ನೂ ಅರ್ಧ ಓದಬಹುದು. ಫೋಟೋ ಒಂದೇ ತೋರಿಸಿದರೂ ಸಾಕು, ಯಾರೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಹೋದ ತಿಂಗಳ ಕೊನೆಗೆ ಇಲ್ಲಿ ಸೂರ್ಯ ಮೊದಲ ಸಲ ಮುಳುಗಿದ. ಒಂದು ತಾಸೂ ಇಲ್ಲ. ಮೂವರೂ ಎದ್ದು ಕೂತು ನೋಡಿದೆವು.

ಅನುಸೂಯಾ


ತಾವರಗೇರಾ
22 ಸೆಪ್ಟೆಂಬರ್ 2025

ಮಗಳು ಅನುಸೂಯಾಳಿಗೆ,

ನಾನು ಮೂರು ರವಿವಾರ ಫೋನಿಗೆ ಯಾಕೆ ಸಿಗಲಿಲ್ಲ ಎಂದು ನಿನ್ನವ್ವನ ಹತ್ತಿರ ಕೇಳಿದೆಯಂತೆ. ಸಿಟ್ಟಾಗಿದ್ದೆ. ನಿನ್ನ ಮೇಲೆ, ಸಜ್ಜೆಯ ಮೇಲೆ, ಸೂರ್ಯನ ಮೇಲೆ ಕೂಡ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಹೇಳಿದ್ದನ್ನು ನಂಬಿದವನು ನಾನು. ನನ್ನ ದೀಪದ ಬುಡದಲ್ಲಿ ಅದೂ ಇರಲಿಲ್ಲವಲ್ಲ.

ಕಾಗದವನ್ನು ನಿನ್ನವ್ವನಿಗೆ ಪೂರ್ತಿ ಓದಿದೆ. ಅವಳು, "ಬೀಜ ನಮ್ಮತ್ತಿದು, ಕಾದಾಕಿ ನಾನು. ದೀಪ ನಿಂದು. ಅಂದ್ರ ನಾನು ಗೆದ್ದೀನಿ, ನೀ ಸೋತಿ" ಎಂದು ಎದ್ದು ರೊಟ್ಟಿ ಬಡಿಯಲು ಹೋದಳು. ಅವತ್ತು ಅವಳ ರೊಟ್ಟಿಯ ಸಪ್ಪಳ ಓಣಿಗೆಲ್ಲ ಕೇಳುವಷ್ಟಿತ್ತು.

ಹೋದ ಸಂತೆಗೆ ಫೋಟೋ ಜೇಬಿನಲ್ಲಿಟ್ಟುಕೊಂಡು ಹೋದೆ. ನಿಜ ಹೇಳುತ್ತೇನೆ, ಅರ್ಧವೇ ಹೇಳುವ ಮನಸ್ಸಿತ್ತು. ಫೋಟೋ ಕೈಯಿಂದ ಕೈಗೆ ಹೋಗಿ ಯಂಕೋಬನ ಹತ್ತಿರ ಬಂತು. ಅವನು ಕನ್ನಡಕ ಹಾಕಿಕೊಂಡು ನೋಡಿದ. ತೆಗೆದು ಒರೆಸಿ ಮತ್ತೆ ನೋಡಿದ. ಅವನು ಒಂದು ನೆಪ ಹೇಳಿದ್ದರೆ ನಾನೂ ಸುಮ್ಮನೆ ಮನೆಗೆ ಬರುತ್ತಿದ್ದೆ. ಅವನು ನೆಪ ಹೇಳಲಿಲ್ಲ. ಈರುಳ್ಳಿ ಚೀಲಗಳ ನಡುವೆ ಎದ್ದು ನಿಂತು ತಲೆಯ ರುಮಾಲು ತೆಗೆದು, "ಎಲ್ಲಾರೂ ಕೇಳ್ರಿ, ಗಿಡ್ಡಪ್ಪನ ಬೀಜಕ್ಕ ನಾ ಬಂಜಿ ಅಂದಿದ್ದೆ. ನನ್ನದು ತಪ್ಪಾ..." ಎಂದ.

ಅಷ್ಟು ದೊಡ್ಡ ಮನುಷ್ಯನ ಎದುರು ನಾನು ಸಣ್ಣವನಾಗಿ ನಿಲ್ಲಲಾರದೆ ಹೋದೆ. ಅವನ ಕೈ ಹಿಡಿದೆ. "ತಡಿ ಯಂಕೋಬ. ಬೀಜದ್ದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ. ನನ್ನ ದೀಪ ನಿನ್ನ ಹೊಲಕ್ಕ ರಾತ್ರಿ ಆಗಗೊಡಲಿಲ್ಲ. ತಪ್ಪು ನಂದು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಆಗ ನಿನ್ನ ಕಾಗದ ತೆಗೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ, ಸೈಕಲ್ ಗಂಟೆಯ ಸಾಲೂ ಸೇರಿಸಿ. ಆ ಸಾಲನ್ನು ಎರಡು ಸಲ ಓದಬೇಕಾಯಿತು. ಹಸನಬೀ ನೀರು ತಂದುಕೊಟ್ಟಳು.

ನಾಳೆಯೇ ಅರ್ಜಿ ಬರೆದು ದೀಪ ತೆಗೆಸುತ್ತೇನೆ ಎಂದೆ. ಯಂಕೋಬ ಉರಿದುಬಿದ್ದ. "ತಲಿ ಕೆಟ್ಟೈತೇನು ನಿನಗ? ನನ್ನ ಮೊಮ್ಮಗಳು ರೇಣುಕಾ ಈಗ ಕುಷ್ಟಗಿ ಕಾಲೇಜಿಗಿ ಹೊಂಟಾಳ. ಕೊನೀ ಬಸ್ಸಿಗಿ ಇಳಿದು ಒಬ್ಬಾಕಿನ ಮನಿಗಿ ಬರ್ತಾಳ, ಅದರ ಬೆಳಕಿನ್ಯಾಗ. ಆ ದೀಪ ಹತ್ತಿದಾಗಿಂದ ನಮ್ಮ ಮನ್ಯಾಗ ಯಾರೂ ಕ್ರಾಸಿಗಿ ಹೋಗಿ ನಿಂತಿಲ್ಲ. ಅದನ್ನ ತೆಗಿಸ್ತಾನಂತ!" ಸಂತೆಯಲ್ಲಿ ಎರಡನೆಯ ಸಲ ಜಗಳವಾಯಿತು, ಈ ಸಲ ಅವನು ನನ್ನ ದೀಪದ ಪರವಾಗಿ. ಇಂಥ ಜಗಳ ನನ್ನ ಆಯುಷ್ಯದಲ್ಲಿ ಆಡಿರಲಿಲ್ಲ, ಇಷ್ಟು ಸಂತೋಷವಾಗಿ ಸೋತೂ ಇರಲಿಲ್ಲ.

ಕೊನೆಗೆ ಇಬ್ಬರೂ ಕೂತು ಹನ್ನೆರಡನೆಯ ಅರ್ಜಿ ಬರೆದೆವು. ರಸ್ತೆ ಮತ್ತು ಬಸ್ ನಿಲ್ಲುವ ಕಡೆಯ ಕಣ್ಣು ಹಾಗೇ ಉರಿಯಲಿ, ಹೊಲದ ಕಡೆಯದಕ್ಕೆ ತಗಡಿನ ಮರೆ ಕಟ್ಟಿಸಿಕೊಡಬೇಕು ಎಂದು. ಕಾರಣ ಎಂಬಲ್ಲಿ "ಅರ್ಜಿದಾರನ ತಪ್ಪು" ಎಂದು ಬರೆದೆ. ಹನ್ನೊಂದು ಅರ್ಜಿಯಲ್ಲಿ ಬರೆಯದ ಮಾತು. ಕೆಳಗೆ ನನ್ನ ಸಹಿ, ಅದರ ಪಕ್ಕ ಯಂಕೋಬನ ಸಹಿ. ಅವನೂ ಹುದ್ದೆ ಬರೆಯಬೇಕೆಂದು ಹಟ ಹಿಡಿದು "ಒಕ್ಕಲಿಗ ಹಾಗೂ ನೆರೆಹೊಲದವ" ಎಂದು ಬರೆಸಿದ. ತಗಡು ಹಾಕಲು ಮುಂದಿನ ವಾರ ಬರುತ್ತೇವೆ ಎಂದು ಪಂಚಾಯಿತಿಯವರು ಹೇಳಿದ್ದಾರೆ. ಕಳಕಮ್ಮ ನಿನ್ನೆ ಮೊರ ಹಿಡಿದು ಬಂದು ಮುಂದಿನ ವರ್ಷಕ್ಕೆಂದು ಬೀಜ ಕೇಳಿದಳು. ನಿನ್ನವ್ವ ಕೇಳಿದ್ದಕ್ಕಿಂತ ಒಂದು ಬೊಗಸೆ ಹೆಚ್ಚು ಸುರಿದಳು.

ಇವತ್ತು ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಸಮ ಎಂದು ಪೇಪರಿನಲ್ಲಿ ಬಂದಿದೆ. ನಿನ್ನ ಊರಿಗೂ, ವಂಜಿರುವಿನ ಊರಿಗೂ, ಆ ಚಿಲಿಯ ಹುಡುಗಿಯ ಊರಿಗೂ, ತಾವರಗೇರಾಕ್ಕೂ ಇವತ್ತು ಒಂದೇ ಅಳತೆಯಂತೆ. ಊಟಕ್ಕೆ ಕೂತಾಗ ಜಗಳ ಆಡಬೇಡಿ. ಕೌದಿಯನ್ನು ಕಿಟಕಿಯಿಂದ ಬಿಚ್ಚಿ ಹೊದ್ದು ಮಲಗು. ನಿನ್ನಲ್ಲಿಗೆ ರಾತ್ರಿ ಬಂದಿದೆ. ಮುಂದಿನ ವಾರ ಯಂಕೋಬನ ಹೊಲಕ್ಕೂ ಬರುತ್ತದೆ.

ನಿನ್ನ ಅಪ್ಪ,
ಗಿಡ್ಡಪ್ಪ